ಮಗನ ಅಸೆಸ್‌ಮೆಂಟಿಗೆ ಎರಡು ಕಡೆ ದುಡ್ಡು ಕಟ್ಟಿದೆವು, ಎರಡರ ರಿವ್ಯೂ ಇಲ್ಲಿದೆ

ಮೊದಲನೇ ಕಡೆ 16,000 ರೂಪಾಯಿ. ಎರಡನೇ ಕಡೆ 9,500. ತುಮಕೂರಿನಿಂದ ಬೆಂಗಳೂರಿಗೆ ಓಡಾಡಿದ್ದು, ರಜೆ ಹಾಕಿ ಸಂಬಳ ಕಳೆದುಕೊಂಡದ್ದು ಬೇರೆ. ಒಂಬತ್ತು ವರ್ಷದ ಮಗ ಓದಲು ಯಾಕೆ ಇಷ್ಟು ಒದ್ದಾಡುತ್ತಾನೆ ಅಂತ ತಿಳಿದುಕೊಳ್ಳಲು ನಾವು ಕೊಟ್ಟ ದುಡ್ಡು ಇದು. ಮೊದಲನೇ ಕಡೆ ಮೂರು ಪುಟದ ವರದಿ ಕೊಟ್ಟರು. ಅದರ ಎರಡನೇ ಪುಟದಲ್ಲಿ ನನ್ನ ಮಗ ಹುಡುಗಿ ಆಗಿದ್ದ. ಎರಡನೇ ಕಡೆ ಹನ್ನೊಂದು ಪುಟದ ವರದಿ ಕೊಟ್ಟರು, ಜೊತೆಗೆ ಒಂದೂಕಾಲು ಗಂಟೆ ಕೂರಿಸಿಕೊಂಡು ಅದನ್ನು ಬಿಡಿಸಿ ಹೇಳಿದರು. ಸೊಸೈಟಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಇಬ್ಬರು, ಮಗನ ಕ್ಲಾಸಿನ ಮೂರು ಜನ ತಾಯಂದಿರು ‘ಎಷ್ಟಾಯ್ತು, ಎಲ್ಲಿ ಮಾಡಿಸಿದ್ರಿ’ ಅಂತ ಕೇಳಿದ ಮೇಲೆ, ಇದನ್ನೆಲ್ಲ ಒಂದು ಕಡೆ ಬರೆದಿಡೋಣ ಅನ್ನಿಸಿತು. ಮೊದಲನೇ ಸೆಂಟರಿನ ಹೆಸರು ಬರೆಯುವುದಿಲ್ಲ. ಎರಡನೆಯವರದ್ದೂ ಬರೆಯುವುದಿಲ್ಲ, ಅವರು ಒಬ್ಬರೇ ಸಣ್ಣ ಕ್ಲಿನಿಕ್ ನಡೆಸುವವರು. ಹೆಸರಿಗಿಂತ ಏನು ಕೇಳಬೇಕು ಅನ್ನುವುದು ಗೊತ್ತಿದ್ದರೆ ನಿಮ್ಮ ಊರಲ್ಲೇ ಒಳ್ಳೆಯವರನ್ನು ಹುಡುಕಿಕೊಳ್ಳಬಹುದು.

ಮಗ ನಾಲ್ಕನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಪೂರ್ತಿ ಕನ್ನಡ. ಮಾತಿನಲ್ಲಿ ಚುರುಕು. ಅವರಪ್ಪನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂತರೆ ಯಾವ ಅಳತೆಯ ನಟ್ಟು ಯಾವ ಡಬ್ಬಿಯಲ್ಲಿದೆ ಅಂತ ಹುಡುಗರಿಗಿಂತ ಮೊದಲು ಹೇಳುತ್ತಾನೆ. ಪುಸ್ತಕ ತೆಗೆದರೆ ಮಾತ್ರ ಹೊಟ್ಟೆನೋವು. ಕನ್ನಡ ಉಕ್ತಲೇಖನದಲ್ಲಿ ‘ಕತ್ತರಿ’ ಅಂದರೆ ‘ಕತರಿ’, ‘ಹಳ್ಳಿ’ ಅಂದರೆ ‘ಹಳಿ’, ‘ಶಾಲೆ’ ಅಂದರೆ ‘ಶಲೆ’. ಒತ್ತಕ್ಷರ ಬಿಟ್ಟೇ ಬಿಡುತ್ತಾನೆ, ದೀರ್ಘ ನೆನಪಾದರೆ ಹಾಕುತ್ತಾನೆ. ತಪ್ಪು ಅಂತ ಅವನಿಗೇ ಅನುಮಾನ ಬಂದು ರಬ್ಬರಿನಲ್ಲಿ ಉಜ್ಜಿ ಉಜ್ಜಿ ಒಂದು ಹಾಳೆಯಲ್ಲಿ ತೂತೇ ಬಿದ್ದಿತ್ತು. ಆ ನೋಟ್‌ಬುಕ್ ಈಗಲೂ ನನ್ನ ಹತ್ತಿರ ಇದೆ.

ಜೂನ್‌ನಲ್ಲಿ ಶಾಲೆಯಿಂದ ಕರೆದರು. ‘ಅಟೆನ್ಷನ್ ಇಲ್ಲ ಮೇಡಂ, ಒಂದು ಅಸೆಸ್‌ಮೆಂಟ್ ಮಾಡಿಸಿ ರಿಪೋರ್ಟ್ ತನ್ನಿ, ಆಮೇಲೆ ನೋಡೋಣ’ ಅಂದರು. ನಮ್ಮ ಅತ್ತೆ ‘ಅವರಪ್ಪನೂ ಹೀಗೇ ಇದ್ದ, ತಾನೇ ಸರಿಹೋದ, ಸುಮ್ನೆ ಯಾಕೆ ದುಡ್ಡು ಹಾಳು ಮಾಡ್ತೀರಾ’ ಅಂದರು. ನನಗೋ ಈ ಅಸೆಸ್‌ಮೆಂಟ್ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ತಲೆ ಸ್ಕ್ಯಾನ್ ಮಾಡುತ್ತಾರೇನೋ ಅಂದುಕೊಂಡು ರಾತ್ರಿ ನಿದ್ದೆ ಬಂದಿರಲಿಲ್ಲ. ಅಂಥದ್ದೇನೂ ಇಲ್ಲ. ಸೂಜಿ ಇಲ್ಲ, ಮಿಷನ್ ಇಲ್ಲ. ಮೇಜಿನ ಮೇಲೆ ಪೇಪರು, ಪೆನ್ಸಿಲ್, ಚಿತ್ರಗಳು, ಬಣ್ಣದ ಬ್ಲಾಕುಗಳು. ಎದುರು ಒಬ್ಬರು ಕೂತು ಮಗುವಿನ ಹತ್ತಿರ ಒಂದೊಂದಾಗಿ ಮಾಡಿಸುತ್ತಾರೆ, ಓದಿಸುತ್ತಾರೆ, ಬರೆಸುತ್ತಾರೆ, ಸಮಯ ಗುರುತು ಹಾಕಿಕೊಳ್ಳುತ್ತಾರೆ. ಹೆದರಬೇಡಿ, ಮಗುವನ್ನೂ ಹೆದರಿಸಬೇಡಿ.

ಮೊದಲನೇ ಸೆಂಟರ್ ಸಿಕ್ಕಿದ್ದು ಫೋನಿನಲ್ಲಿ ಬಂದ ಜಾಹೀರಾತಿನಿಂದ. ಬೆಂಗಳೂರಿನಲ್ಲಿ, ಗಾಜಿನ ಬಾಗಿಲು, ಎ.ಸಿ., ಗೋಡೆ ತುಂಬ ಮಕ್ಕಳ ಚಿತ್ರ. ಫೋನ್ ಎತ್ತಿದ ಹುಡುಗಿ ‘ಫುಲ್ ನ್ಯೂರೋಸೈಕಲಾಜಿಕಲ್ ಪ್ಯಾಕೇಜ್ ತಗೊಳ್ಳಿ ಮೇಡಂ, ಎಲ್ಲಾ ಕವರ್ ಆಗುತ್ತೆ’ ಅಂದಳು. ಹೆಸರು ದೊಡ್ಡದಿತ್ತು, ಮಗನ ವಿಷಯ, ಕಮ್ಮಿ ಮಾಡುವುದು ಬೇಡ ಅಂತ ನಾವೂ ಒಪ್ಪಿದೆವು. ಚೀಟಿ ಎತ್ತಿ ಪೂರ್ತಿ ಅಡ್ವಾನ್ಸ್ ಕಟ್ಟಿದೆವು. ಯಾರು ಪರೀಕ್ಷೆ ಮಾಡುತ್ತಾರೆ, ಯಾವ ಪರೀಕ್ಷೆ, ಯಾವ ಭಾಷೆಯಲ್ಲಿ ಅಂತ ಒಂದು ಮಾತೂ ಕೇಳಲಿಲ್ಲ.

ಬೆಳಗ್ಗೆ ಐದೂವರೆಗೆ ಮನೆ ಬಿಟ್ಟು ಹತ್ತಕ್ಕೆ ಅಲ್ಲಿದ್ದೆವು. ನನ್ನ ಹತ್ತಿರ ಮಾತಾಡಿದ್ದು ಹತ್ತು ನಿಮಿಷ, ಅದೂ ಫಾರಂ ತುಂಬುವುದಕ್ಕೆ. ಮಗನನ್ನು ಒಳಗೆ ಕರೆದುಕೊಂಡು ಹೋದವರು ಇನ್ನೂ ಟ್ರೇನಿಂಗಿನಲ್ಲಿದ್ದ ಹುಡುಗಿ ಅಂತ ಆಮೇಲೆ ಗೊತ್ತಾಯಿತು. ಟ್ರೇನಿಂಗಿನವರು ಪರೀಕ್ಷೆ ಮಾಡಬಾರದು ಅಂತ ನಾನು ಹೇಳುತ್ತಿಲ್ಲ, ಎಲ್ಲರೂ ಹಾಗೇ ಕಲಿಯಬೇಕು. ಆದರೆ ಪಕ್ಕದಲ್ಲಿ ನೋಡುವವರು ಒಬ್ಬರು ಇರಬೇಕು ಅಲ್ವಾ? ಒಂದು ಗಂಟೆ ಇಪ್ಪತ್ತು ನಿಮಿಷ ನಡುವೆ ಬಿಡುವೇ ಇಲ್ಲದೆ ಕೂರಿಸಿದರು. ಪ್ರಶ್ನೆ ಎಲ್ಲಾ ಇಂಗ್ಲಿಷಿನಲ್ಲಿ. ಹೊರಗೆ ಬಂದವನು ‘ಅಮ್ಮ, ಆಂಟಿ ಏನ್ ಕೇಳ್ತಾರೆ ಅಂತಾನೇ ಗೊತ್ತಾಗ್ಲಿಲ್ಲ, ಬ್ಲಾಕ್ ಜೋಡ್ಸೋದು ಮಾತ್ರ ಚೆನ್ನಾಗಿತ್ತು’ ಅಂದ. ಮನೆಯಲ್ಲಿ ಕನ್ನಡದಲ್ಲಿ ಯೋಚನೆ ಮಾಡುವ ಹುಡುಗನಿಗೆ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರೆ ಅಳೆಯುವುದು ಬುದ್ಧಿಯನ್ನೋ, ಇಂಗ್ಲಿಷನ್ನೋ? ಅವತ್ತು ನನಗೆ ಈ ಪ್ರಶ್ನೆ ಹೊಳೆಯಲಿಲ್ಲ. ಬಸ್ಸಿನಲ್ಲಿ ಮಗ ನನ್ನ ತೊಡೆಯ ಮೇಲೆ ಮಲಗಿದ್ದ, ನಾನು ಕಿಟಕಿ ಕಡೆ ನೋಡುತ್ತಾ ಕೂತಿದ್ದೆ.

ವರದಿ ಬರಲು ಐದು ವಾರ. ನಾಲ್ಕು ಸಲ ಫೋನ್ ಮಾಡಿದ ಮೇಲೆ ವಾಟ್ಸಾಪಿನಲ್ಲಿ ಪಿಡಿಎಫ್ ಕಳಿಸಿದರು. ಮೊದಲ ಪುಟದಲ್ಲಿ ನಾನೇ ತುಂಬಿಕೊಟ್ಟ ಫಾರಮ್ಮಿನ ವಿವರ. ಎರಡನೇ ಪುಟದಲ್ಲಿ ಇನ್ಯಾವುದೋ ಹುಡುಗಿಗೆ ಬರೆದ ಸಾಲುಗಳು ಹಾಗೇ ಉಳಿದುಕೊಂಡಿದ್ದವು. ಮೂರನೇ ಪುಟದಲ್ಲಿ ‘ಗಮನದ ಕೊರತೆ ಮತ್ತು ಕಲಿಕೆಯ ತೊಂದರೆ ಇರಬಹುದು’ ಅಂತ ಎರಡು ಸಾಲು, ಅದರ ಕೆಳಗೆ ಅವರದೇ ಸೆಂಟರಿನಲ್ಲಿ 40 ಥೆರಪಿ ಸೆಷನ್ ಮಾಡಿಸಿ ಅಂತ ಸಲಹೆ. ಅಂಕಗಳ ಪಟ್ಟಿ ಇಲ್ಲ. ಸಹಿ ಇತ್ತು, ನೋಂದಣಿ ಸಂಖ್ಯೆ ಇರಲಿಲ್ಲ. ವರದಿ ಬಗ್ಗೆ ಮಾತಾಡಬೇಕು ಅಂದರೆ ‘ಅದಕ್ಕೆ ಬೇರೆ ಕನ್ಸಲ್ಟೇಶನ್ ಫೀಸು’ ಅಂದರು. ನಾನು ಇಮೇಲ್ ಬರೆದೆ. ಹುಡುಗಿ ಅಂತ ಇದ್ದದ್ದನ್ನು ತಿದ್ದಿ ಕಳಿಸಿದರು. ದುಡ್ಡು ವಾಪಸ್ ಬರಲಿಲ್ಲ.

ಆ ವರದಿ ಹಿಡಿದುಕೊಂಡು ತುಮಕೂರಿನಲ್ಲಿ ನಮ್ಮ ಮಕ್ಕಳ ಡಾಕ್ಟರ ಹತ್ತಿರ ಹೋದೆ. ಅವರು ಓದಿ ಪಕ್ಕಕ್ಕಿಟ್ಟು ಕೇಳಿದ ಮೊದಲ ಪ್ರಶ್ನೆ, ‘ಇವರ ಆರ್‌ಸಿಐ ನಂಬರ್ ಎಲ್ಲಿದೆಯಮ್ಮ?’

ಇದನ್ನು ಎಲ್ಲ ಅಪ್ಪ ಅಮ್ಮಂದಿರೂ ತಿಳಿದಿರಬೇಕು. ಆರ್‌ಸಿಐ ಅಂದರೆ ಭಾರತೀಯ ಪುನರ್ವಸತಿ ಪರಿಷತ್ತು, 1992ರ ಕಾಯ್ದೆಯಿಂದ ಬಂದದ್ದು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡುವವರು ಅದರ ರಿಜಿಸ್ಟರಿನಲ್ಲಿ ಇರಬೇಕು, ಅವರಿಗೊಂದು ನಂಬರ್ ಇರುತ್ತದೆ, ಪರಿಷತ್ತಿನ ವೆಬ್‌ಸೈಟಿನಲ್ಲಿ ಹುಡುಕಿ ನೋಡಬಹುದು. ಸೈಕಾಲಜಿಯಲ್ಲಿ ಎಂ.ಎ., ಎಂ.ಎಸ್ಸಿ. ಮಾಡಿ ಕೌನ್ಸೆಲರ್ ಅಂತ ಬೋರ್ಡು ಹಾಕಿಕೊಂಡವರು ಒಳ್ಳೆಯವರೇ ಇರಬಹುದು, ಆದರೆ ಕಲಿಕಾ ನ್ಯೂನತೆ ಇದೆ ಅಂತ ಅವರು ಬರೆದುಕೊಟ್ಟ ಕಾಗದ ಮುಂದೆ ಸರ್ಕಾರದ ನ್ಯೂನತೆ ಸರ್ಟಿಫಿಕೇಟಿನ ಹಂತದಲ್ಲಿ ನಿಲ್ಲುವುದಿಲ್ಲ. ನಮ್ಮ 16,000 ಹೋದದ್ದು ಇಲ್ಲೇ.

ಡಾಕ್ಟರು ಒಬ್ಬರ ನಂಬರ್ ಕೊಟ್ಟರು. ಎರಡನೇ ಕಡೆಯ ಕಥೆ ಶುರುವಾಗುವುದು ಆ ಫೋನ್‌ನಿಂದಲೇ, ಯಾಕೆಂದರೆ ಆ ಮೇಡಂ ದುಡ್ಡಿನ ಮಾತಿಗಿಂತ ಮೊದಲು ಇಪ್ಪತ್ತು ನಿಮಿಷ ಮಗನ ಬಗ್ಗೆ ಕೇಳಿದರು. ಹೆರಿಗೆ ಹೇಗಾಯಿತು, ಮಾತು ಯಾವಾಗ ಬಂತು, ಫಿಟ್ಸ್ ಬಂದಿತ್ತಾ, ತಲೆಗೆ ಪೆಟ್ಟು ಬಿದ್ದಿತ್ತಾ, ಮನೆಯಲ್ಲಿ ಬೇರೆ ಯಾರಿಗಾದರೂ ಓದಲು ಕಷ್ಟ ಇತ್ತಾ. ಅತ್ತೆ ಹೇಳಿದ ‘ಅವರಪ್ಪನೂ ಹೀಗೇ ಇದ್ದ’ ಅನ್ನುವ ಮಾತು ಹೇಳಿದೆ. ‘ಅದು ತುಂಬಾ ಮುಖ್ಯವಾದ ವಿಷಯ, ಬರೆದುಕೊಳ್ತೀನಿ’ ಅಂದರು, ಇದು ಮನೆತನದಲ್ಲಿ ಬರುವುದುಂಟು ಅಂತ. ಆಮೇಲೆ, ‘ಮೊದಲು ಕಣ್ಣು ಕಿವಿ ಎರಡೂ ತೋರಿಸಿ ಬನ್ನಿ. ಅದು ಸರಿ ಇದೆ ಅಂತ ಗೊತ್ತಾದ ಮೇಲೆ ನನ್ನ ಹತ್ತಿರ ಬಂದರೆ ಸಾಕು.’ ನಾವು ತುಮಕೂರಿನಲ್ಲೇ ತೋರಿಸಿದೆವು, ಎರಡೂ ಸರಿ ಇತ್ತು. ಮೊದಲನೇ ಸೆಂಟರಿನವರು ಇದನ್ನು ಕೇಳಿರಲೇ ಇಲ್ಲ.

ನ್ಯೂರೋಸೈಕಲಾಜಿಕಲ್ ಪ್ಯಾಕೇಜ್ ಬೇಕಾ ಅಂತ ನಾನೇ ಕೇಳಿದೆ. ಬೇಡ ಅಂದರು. ಫಿಟ್ಸ್ ಇರುವ ಮಕ್ಕಳಿಗೆ, ತಲೆಗೆ ಪೆಟ್ಟು ಬಿದ್ದವರಿಗೆ, ಮಿದುಳಿನಲ್ಲಿ ಗೆಡ್ಡೆ ಆದವರಿಗೆ, ಮಿದುಳು ಜ್ವರ ಬಂದು ಹೋದವರಿಗೆ ಆ ದೊಡ್ಡ ಪರೀಕ್ಷೆ ಬೇಕಾಗುತ್ತದಂತೆ. ನೆನಪು, ಗಮನ, ಕೈ ಓಟ, ಯೋಜನೆ ಮಾಡುವ ಶಕ್ತಿ ಅಂತ ಒಂದೊಂದನ್ನೂ ಬೇರೆ ಬೇರೆ ಅಳೆಯುತ್ತಾರೆ. ನನ್ನ ಚಿಕ್ಕಮ್ಮನ ಮೊಮ್ಮಗಳಿಗೆ ಫಿಟ್ಸಿನ ಆಪರೇಷನ್‌ಗೆ ಮೊದಲು ನಿಮ್ಹಾನ್ಸ್‌ನಲ್ಲಿ ಹಾಗೆ ಮಾಡಿದ್ದರು, ಅವಳಿಗೆ ಅದು ಬೇಕೇ ಬೇಕಿತ್ತು. ಬರೀ ಓದು ಬರಹದ ತೊಂದರೆಗೆ ಸಾಮಾನ್ಯವಾಗಿ ಐಕ್ಯೂ, ಕಲಿಕೆ, ಗಮನ ಈ ಮೂರನ್ನು ನೋಡುವ ಸೈಕೋಎಜುಕೇಶನಲ್ ಅಸೆಸ್‌ಮೆಂಟ್ ಸಾಕು. ನಮಗೆ ಮಾರಿದ್ದು ದೊಡ್ಡ ಹೆಸರು, ಮಾಡಿದ್ದು ಆ ಸಣ್ಣದರ ಅರ್ಧ.

ಇನ್ನೊಂದು ವಿಷಯ ನಾನು ಯೋಚಿಸಿಯೇ ಇರಲಿಲ್ಲ. ‘ಮೊದಲು ಯಾವ ಪರೀಕ್ಷೆ ಮಾಡಿದ್ದಾರೆ ಅಂತ ತಿಳಿಯದೆ ನಾನು ಶುರು ಮಾಡೋ ಹಾಗಿಲ್ಲ’ ಅಂದರು. ಒಂದೇ ಪರೀಕ್ಷೆ ಸ್ವಲ್ಪ ತಿಂಗಳಲ್ಲೇ ಮತ್ತೆ ಮಾಡಿದರೆ ಮಗುವಿಗೆ ನೆನಪಿರುತ್ತದೆ, ಅಂಕ ಸುಮ್ಮನೆ ಏರುತ್ತದೆ. ಹಳೇ ಸೆಂಟರಿಗೆ ಮತ್ತೆ ಬರೆದು ಕೇಳಿ, ಮಾಲಿನ್ ಅವರ ಮಕ್ಕಳ ಬುದ್ಧಿ ಮಾಪನ ಅಂತ ಉತ್ತರ ತರಿಸಿದೆ. ಅದು 1969ರಲ್ಲಿ ಬಂದ ಪರೀಕ್ಷೆ. ಮೇಡಂ ಅದನ್ನು ಬಿಟ್ಟು ಬಿನೆ-ಕಾಮತ್ ತೆಗೆದುಕೊಂಡರು. ಇದು ಇನ್ನೂ ಹಳೆಯದು. ವಿ. ವಿ. ಕಾಮತ್ ಅನ್ನುವವರು 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿಯೇ ಒಗ್ಗಿಸಿದ ಪರೀಕ್ಷೆ ಅಂತ ಕೇಳಿ ನನಗೆ ಆಶ್ಚರ್ಯವೂ ಆಯಿತು, ಖುಷಿಯೂ ಆಯಿತು. ‘ಹಳೇ ತಕ್ಕಡಿಯಲ್ಲಿ ತೂಗಿದ್ದು ಅನ್ನೋದು ನೆನಪಿಟ್ಟುಕೊಂಡೇ ಈ ನಂಬರ್ ಓದಬೇಕು, ಒಂದೆರಡು ಅಂಕದ ಮೇಲೆ ತೀರ್ಮಾನ ಮಾಡೋಕಾಗಲ್ಲ’ ಅಂತ ಅವರೇ ಹೇಳಿದರು. ತಮ್ಮ ಸಲಕರಣೆಯ ಮಿತಿಯನ್ನು ತಾವೇ ಹೇಳುವವರ ಮೇಲೆ ನನಗೆ ನಂಬಿಕೆ ಜಾಸ್ತಿ.

ಒಂದು ತಕರಾರು, ತಾರೀಖು ಸಿಕ್ಕಿದ್ದು ಏಳು ವಾರದ ನಂತರ. ಆದರೂ ಕಾದದ್ದಕ್ಕೆ ಬೇಜಾರಿಲ್ಲ.

ಎರಡು ದಿನ, ಎರಡೂ ದಿನ ಬೆಳಗ್ಗೆ, ದಿನಕ್ಕೆ ಎರಡು ಗಂಟೆ. ‘ಮಧ್ಯಾಹ್ನ ಮಕ್ಕಳು ಸುಸ್ತಾಗಿರ್ತಾರೆ, ಅದನ್ನ ಗಮನದ ಕೊರತೆ ಅಂತ ಬರೆಯೋಕಾಗಲ್ಲ’ ಅಂದರು. ನಡುವೆ ನೀರು, ಬಿಸ್ಕೆಟ್, ಸ್ವಲ್ಪ ಓಡಾಟ. ಕನ್ನಡದಲ್ಲೇ ಮಾತು. ಓದು ಬರಹವನ್ನು ಎರಡೂ ಭಾಷೆಯಲ್ಲಿ ನೋಡಿದರು. ಇಂಗ್ಲಿಷ್ ಓದು, ಬರಹ, ಲೆಕ್ಕಕ್ಕೆ ನಿಮ್ಹಾನ್ಸ್‌ನ ಎಸ್‌ಎಲ್‌ಡಿ ಬ್ಯಾಟರಿ, ಅಂದರೆ ನಿರ್ದಿಷ್ಟ ಕಲಿಕಾ ನ್ಯೂನತೆ ನೋಡುವ ಪರೀಕ್ಷೆಗಳ ಒಂದು ಕಟ್ಟು. ಅದರಲ್ಲಿ 5ರಿಂದ 7 ವರ್ಷದವರಿಗೆ ಒಂದು ಮಟ್ಟ, 8ರಿಂದ 12ರವರಿಗೆ ಇನ್ನೊಂದು. ಕನ್ನಡ ಓದಿಗೆ ಡಾಲಿ ಅನ್ನುವ ಪರೀಕ್ಷೆ, ಹರಿಯಾಣದ ಮಾನೇಸರ್‌ನಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದವರು 2015ರಲ್ಲಿ ತಂದದ್ದು. ಮೊದಲ ನಾಲ್ಕು ಭಾಷೆಗಳಲ್ಲಿ ಕನ್ನಡವೂ ಇತ್ತು. ಹಾಗಾಗಿ ‘ಕನ್ನಡದಲ್ಲಿ ಪರೀಕ್ಷೆ ಇಲ್ಲ ಮೇಡಂ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಗಮನದ ಪರೀಕ್ಷೆಯ ಒಂದು ಹಾಳೆಯನ್ನು ಆಮೇಲೆ ನನಗೆ ತೋರಿಸಿದರು. ಹಾಳೆ ತುಂಬ ಬಣ್ಣದ ಚುಕ್ಕೆಗಳು, ಒಟ್ಟು 150. ಕೆಂಪು, ನೀಲಿ, ಹಳದಿ, ಕಪ್ಪು, ಬೂದು. ಕೆಂಪು ಮತ್ತು ಹಳದಿಯನ್ನು ಮಾತ್ರ ಹೊಡೆದು ಹಾಕುತ್ತಾ ಹೋಗಬೇಕು, ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ. ನನ್ನ ಮಗ ಎಡದಿಂದ ಬಲಕ್ಕೆ, ಸಾಲಾಗಿ, ಒಂದೇ ಅಳತೆಯ ಗೆರೆ ಎಳೆದಿದ್ದ. ಬಿಟ್ಟದ್ದು ಎರಡೇ ಎರಡು, ತಪ್ಪಾಗಿ ಹೊಡೆದದ್ದು ಒಂದೂ ಇಲ್ಲ. ಅದೇ ಮೇಜಿನ ಮೇಲೆ ಪಕ್ಕದಲ್ಲಿ ಅವನ ಉಕ್ತಲೇಖನದ ಹಾಳೆ ಇಟ್ಟರು. ಎಂಟು ಪದ, ಆರು ತಪ್ಪು, ಉಜ್ಜಿ ಕಪ್ಪಾದ ಜಾಗಗಳು. ‘ಈ ಎರಡು ಹಾಳೆ ಬರೆದದ್ದು ಒಂದೇ ಮಗು, ಅರ್ಧ ಗಂಟೆ ಅಂತರದಲ್ಲಿ. ಅಟೆನ್ಷನ್ ಇಲ್ಲದ ಮಗು ಮೊದಲನೇ ಹಾಳೇನ ಹೀಗೆ ಮಾಡೋದು ಕಷ್ಟ’ ಅಂದರು. ಇದೊಂದರ ಮೇಲೆ ತೀರ್ಮಾನ ಮಾಡಲಿಲ್ಲ, ಶಾಲೆಯ ಮಿಸ್‌ಗೂ ನಮಗೂ ಬೇರೆ ಬೇರೆ ಪ್ರಶ್ನಾವಳಿ ಕೊಟ್ಟು ತುಂಬಿಸಿಕೊಂಡಿದ್ದರು. ಆದರೆ ನನಗೆ ಅರ್ಥವಾದದ್ದು ಆ ಎರಡು ಹಾಳೆಗಳಿಂದ.

ಆ ಒಂದೂಕಾಲು ಗಂಟೆಯ ಮಾತಿಗೇ ನಾನು ಪೂರ್ತಿ ದುಡ್ಡು ಕೊಡುತ್ತಿದ್ದೆ. ಪರೀಕ್ಷೆಯನ್ನು ಯಾರಾದರೂ ಮಾಡಬಹುದು ಅಂತಲ್ಲ, ಆದರೆ ಮನೆಗೆ ನಾವು ತೆಗೆದುಕೊಂಡು ಬರುವುದು ವರದಿ ಮತ್ತು ಅದರ ಅರ್ಥ ಎರಡನ್ನೇ. ಗಂಡನನ್ನೂ ಕರೆದುಕೊಂಡು ಬನ್ನಿ ಅಂದಿದ್ದರು, ಅವರು ಅಂಗಡಿ ಮುಚ್ಚಿ ಬಂದಿದ್ದರು. ಐಕ್ಯೂ 104. ಸರಾಸರಿ ಅಂದರೆ 100, ಹಾಗಾಗಿ ಬುದ್ಧಿಗೆ ಏನೂ ಕೊರತೆ ಇಲ್ಲ. ಓದು ಒಂದನೇ ಕ್ಲಾಸಿನ ಮಟ್ಟದ ಆಸುಪಾಸು. ಒಂದು ಕಡೆ 9ನೇ ಪರ್ಸೆಂಟೈಲ್ ಅಂತ ಇತ್ತು. ಇವರು ಅದನ್ನು ನೋಡಿ ‘ನೂರಕ್ಕೆ ಒಂಬತ್ತೇನಾ’ ಅಂತ ಕಣ್ಣಲ್ಲಿ ನೀರು ತಂದುಕೊಂಡರು. ಮೇಡಂ ಪೆನ್ನು ಕೆಳಗಿಟ್ಟು ನಿಧಾನವಾಗಿ ಹೇಳಿದರು, ಇದು ಅಂಕ ಅಲ್ಲ, ಅದೇ ವಯಸ್ಸಿನ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಇವನ ಹಿಂದೆ ಒಂಬತ್ತು ಮಕ್ಕಳು ಇರುತ್ತಾರೆ ಅಂತ ಅರ್ಥ, 25ರ ಮೇಲಿದ್ದರೆ ಚಿಂತೆ ಮಾಡುವುದೇ ಬೇಡ. ಈ ಒಂದು ವಿವರಣೆ ಇಲ್ಲದೆ ಪಿಡಿಎಫ್ ಮಾತ್ರ ಕೈಗೆ ಬಂದಿದ್ದರೆ ನಮ್ಮ ಮನೆಯಲ್ಲಿ ಅವತ್ತು ಯಾರೂ ಊಟ ಮಾಡುತ್ತಿರಲಿಲ್ಲ.

ಕನ್ನಡದ ಬಗ್ಗೆ ಒಂದು ಒಳ್ಳೆ ಮಾತು ಹೇಳಿದರು. ನಮ್ಮ ಲಿಪಿಯಲ್ಲಿ ಕಾಗುಣಿತ, ಒತ್ತಕ್ಷರ ಎಲ್ಲಾ ಸೇರಿ ಕಲಿಯಬೇಕಾದ ಆಕಾರಗಳು ನೂರಾರು. ಇಂಗ್ಲಿಷಿನ 26 ಅಕ್ಷರದ ಹಾಗೆ ಬೇಗ ಮುಗಿಯುವುದಿಲ್ಲ. ಸೋನಾಲಿ ನಾಗ್ ಅನ್ನುವ ಸಂಶೋಧಕರು ಕನ್ನಡ ಓದುವ ಮಕ್ಕಳನ್ನೇ ನೋಡಿ, ಅಕ್ಷರ ಕಲಿಕೆ ಹಲವು ವರ್ಷ ಎಳೆಯುತ್ತದೆ ಅಂತ 2007ರಲ್ಲೇ ಬರೆದಿದ್ದಾರಂತೆ. ಅದಕ್ಕೇ ಎರಡನೇ ಕ್ಲಾಸಿನ ಮಗು ಒತ್ತಕ್ಷರ ಬಿಟ್ಟರೆ ಗಾಬರಿ ಬೇಡ. ನಾಲ್ಕನೇ ಕ್ಲಾಸಿನಲ್ಲೂ ದಿನಾ ಹೇಳಿಕೊಟ್ಟ ಮೇಲೂ ‘ಹಳ್ಳಿ’, ‘ಹಳಿ’ ಎರಡರ ವ್ಯತ್ಯಾಸ ಕಿವಿಗೆ ಸಿಕ್ಕಿ ಕೈಗೆ ಸಿಗದೆ ಇದ್ದರೆ ನೋಡಬೇಕು. ನಮ್ಮವನದ್ದು ಡಿಸ್‌ಲೆಕ್ಸಿಯಾ, ಅಂದರೆ ಬುದ್ಧಿ ಸರಿ ಇದ್ದೂ ಓದು ಬರಹ ಮಾತ್ರ ಕಷ್ಟವಾಗುವ ಕಲಿಕಾ ನ್ಯೂನತೆ.

ಕೊನೆಗೆ ನಮ್ಮನ್ನು ಹೊರಗೆ ಕೂರಿಸಿ ಮಗನ ಹತ್ತಿರ ಬೇರೆಯಾಗಿ ಹತ್ತು ನಿಮಿಷ ಮಾತಾಡಿದರು. ಏನು ಹೇಳಿದರೋ ಗೊತ್ತಿಲ್ಲ, ನಾನು ಕೇಳಲೂ ಇಲ್ಲ. ಬಸ್ಸಿನಲ್ಲಿ ಡಾಬಸ್‌ಪೇಟೆ ದಾಟುವವರೆಗೂ ಸುಮ್ಮನಿದ್ದವನು ಆಮೇಲೆ ‘ಅಮ್ಮ, ಈ ಪೇಪರ್ ನಮ್ ಮಿಸ್‌ಗೂ ತೋರಿಸ್ತೀಯಾ?’ ಅಂದ. ತೋರಿಸುತ್ತೇನೆ ಅಂದೆ. ‘ಎಲ್ಲಾ ಪುಟಾನೂ?’ ಅಂತ ಮತ್ತೆ ಕೇಳಿದ.

ಈಗ ದುಡ್ಡಿನ ವಿಷಯ, ಯಾಕೆಂದರೆ ಎಲ್ಲರೂ ಕೇಳುವುದು ಅದನ್ನೇ. ಇನ್ಶೂರೆನ್ಸ್ ಬರುತ್ತಾ? ನಮಗೆ ಬರಲಿಲ್ಲ. ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ವಿಮೆ ಕೊಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಆದರೆ ನಮ್ಮಂಥವರ ಪಾಲಿಸಿ ಇರುವುದು ಆಸ್ಪತ್ರೆಗೆ ಸೇರಿದರೆ ಮಾತ್ರ. ಇದು ಹೊರರೋಗಿ ಸೇವೆ, ಅದಕ್ಕೆ ಕ್ಲೇಮ್ ವಾಪಸ್ ಬಂತು. ನಿಮ್ಮ ಪಾಲಿಸಿಯಲ್ಲಿ ಓಪಿಡಿ ಸೇರಿದೆಯಾ ಅಂತ ದುಡ್ಡು ಕಟ್ಟುವ ಮೊದಲೇ ನೋಡಿ, ರಸೀದಿಯಲ್ಲಿ ಪರೀಕ್ಷೆ ಮಾಡಿದವರ ಹೆಸರು ಮತ್ತು ನೋಂದಣಿ ಸಂಖ್ಯೆ ಬರೆಸಿಕೊಳ್ಳಿ. ನಿರಾಮಯ ಅಂತ ರಾಷ್ಟ್ರೀಯ ಟ್ರಸ್ಟಿನ ವಿಮೆ ಇದೆ, 1 ಲಕ್ಷದವರೆಗೆ ಬರುತ್ತದೆ. ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ, ಬಹು ನ್ಯೂನತೆ ಇರುವವರಿಗೆ. ಡಿಸ್‌ಲೆಕ್ಸಿಯಾ ಆ ಪಟ್ಟಿಯಲ್ಲಿಲ್ಲ.

ಖಾಸಗಿಗೆ ಕೊಡಲು ಆಗದವರು ಬೇಸರ ಪಡಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, 1965ರಿಂದ ನಡೆಯುತ್ತಿದೆ, ಅಲ್ಲಿ ಮಾತು ಕಿವಿಯ ಜೊತೆಗೆ ಕ್ಲಿನಿಕಲ್ ಸೈಕಾಲಜಿಯೂ ಇದೆ. ಇಂಥ ಕಡೆ ಖರ್ಚು ತುಂಬಾ ಕಮ್ಮಿ, ಬಿಪಿಎಲ್ ಕಾರ್ಡ್ ಇದ್ದರೆ ಮೊದಲೇ ತೋರಿಸಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳಿಗೆ ಉಚಿತ ತಪಾಸಣೆ ಇದೆ, ಅದರ ಕೇಂದ್ರಗಳು ಜಿಲ್ಲಾ ಮಟ್ಟದಲ್ಲಿರುತ್ತವೆ. ಸರ್ಕಾರಿ ಕಡೆ ಕಾಯಬೇಕಾಗುತ್ತದೆ, ಜನ ಜಾಸ್ತಿ. ನಾನು ಇನ್ನೊಂದು ಸಲ ಮಾಡಿಸುವುದಾದರೆ ಸರ್ಕಾರಿ ಕ್ಯೂನಲ್ಲಿ ಮೊದಲ ದಿನವೇ ಹೆಸರು ಬರೆಸಿ, ಅದು ಬರುವಷ್ಟರಲ್ಲಿ ಖಾಸಗಿಯವರನ್ನು ವಿಚಾರಿಸುತ್ತೇನೆ. ಯಾಕೆಂದರೆ ಕೊನೆಗೆ ಅಲ್ಲಿಗೆ ಹೋಗಲೇಬೇಕು. ಖಾಸಗಿ ವರದಿ ಎಷ್ಟೇ ಚೆನ್ನಾಗಿದ್ದರೂ ಅದು ಸರ್ಟಿಫಿಕೇಟ್ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಆದರೆ ಅದರ ಪ್ರಮಾಣಪತ್ರ ಕೊಡುವುದು ಸರ್ಕಾರ ನಿಗದಿ ಮಾಡಿದ ಆಸ್ಪತ್ರೆಯವರು, ಅವರು ಮತ್ತೆ ಪರೀಕ್ಷೆ ಮಾಡಬಹುದು. 2018ರ ಮಾರ್ಗಸೂಚಿಯಲ್ಲಿ 8 ವರ್ಷ ತುಂಬಿದ ಮೇಲೆ ಕೊಡುವುದು, 14ಕ್ಕೆ ಮತ್ತೆ ನೋಡುವುದು, 18ಕ್ಕೆ ಕೊಟ್ಟದ್ದು ಜೀವನ ಪೂರ್ತಿಗೆ ಅಂತ ಇತ್ತು, ಈಗ ಹೇಗಿದೆ ಅಂತ ಅಲ್ಲೇ ಕೇಳಿಕೊಳ್ಳಿ. ‘ನಮ್ಮ ರಿಪೋರ್ಟೇ ಸರ್ಟಿಫಿಕೇಟ್’ ಅಂತ ಯಾರಾದರೂ ಖಾಸಗಿಯವರು ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ನಮ್ಮ ಸರದಿ ಮುಂದಿನ ತಿಂಗಳಿದೆ.

ಅದೇ ಕಾಯ್ದೆಯ 16ನೇ ಕಲಮಿನಲ್ಲಿ, ಮಕ್ಕಳ ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ಅದಕ್ಕೆ ತಕ್ಕ ಹಾಗೆ ಕಲಿಸುವುದು ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳ ಕೆಲಸವೂ ಹೌದು ಅಂತ ಇದೆ. ಇದನ್ನು ನಾನು ಜಗಳಕ್ಕೆ ಹೇಳುತ್ತಿಲ್ಲ. ‘ರಿಪೋರ್ಟ್ ತನ್ನಿ’ ಅಂತ ಕರೆದಾಗ ತಲೆ ತಗ್ಗಿಸಿಕೊಂಡು ಕೂರಬೇಕಾಗಿಲ್ಲ ಅಂತ ಅಷ್ಟೇ. ದೊಡ್ಡ ಪರೀಕ್ಷೆಗಳಲ್ಲಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ, ಬೇಕಾದರೆ ಬರೆಯಲು ಸಹಾಯಕರು, ಇವು ಮುಂದೆ ಸಿಗುವಂಥವು. ಅದಕ್ಕೆ ಪ್ರಮಾಣಪತ್ರ ಬೇಕು. ನಮಗೆ ಈಗಲೇ ಉಪಯೋಗಕ್ಕೆ ಬಂದದ್ದು ವರದಿಯ ಒಂಬತ್ತನೇ ಪುಟ. ತಯಾರಿ ಇಲ್ಲದೆ ತರಗತಿಯಲ್ಲಿ ಜೋರಾಗಿ ಓದಿಸಬೇಡಿ, ಸಮಾಜ ವಿಜ್ಞಾನದಲ್ಲಿ ಕಾಗುಣಿತಕ್ಕೆ ಅಂಕ ಕಳೆಯಬೇಡಿ, ಬೋರ್ಡಿನಿಂದ ಬರೆದುಕೊಳ್ಳುವ ಬದಲು ನೋಟ್ಸ್ ಕೊಡಿ, ಬಾಯಿಮಾತಿನಲ್ಲೂ ಪ್ರಶ್ನೆ ಕೇಳಿ ಅಂತ ಒಂದೊಂದಾಗಿ, ಯಾರಾದರೂ ನಾಳೆ ಬೆಳಗ್ಗೆಯೇ ಮಾಡಬಹುದಾದ ಹಾಗೆ ಬರೆದಿದ್ದರು. ಮಿಸ್ ಆ ಪುಟದ ಜೆರಾಕ್ಸ್ ತೆಗೆದು ತಮ್ಮ ಡೈರಿಯಲ್ಲಿ ಅಂಟಿಸಿಕೊಂಡರು. ಮೊದಲನೇ ಸೆಂಟರಿನ ವರದಿಯಲ್ಲಿ ಶಾಲೆಗೆ ಅಂತ ಒಂದು ಸಾಲೂ ಇರಲಿಲ್ಲ.

ಹಾಗಾಗಿ ದುಡ್ಡು ಕಟ್ಟುವ ಮೊದಲು ಫೋನಿನಲ್ಲೇ ಕೇಳಿಬಿಡಿ. ಮಗುವಿನ ಎದುರು ಕೂರುವವರು ಯಾರು, ಸಹಿ ಹಾಕುವವರು ಯಾರು, ಅವರ ಆರ್‌ಸಿಐ ನಂಬರ್ ಎಷ್ಟು. ಯಾವ ಭಾಷೆಯಲ್ಲಿ ಮಾಡುತ್ತೀರಿ, ಎಷ್ಟು ದಿನ. ವರದಿಯಲ್ಲಿ ಪರೀಕ್ಷೆಗಳ ಹೆಸರು, ಅಂಕ ಎಲ್ಲಾ ಇರುತ್ತಾ. ಎಷ್ಟು ದಿನಕ್ಕೆ ಕೊಡುತ್ತೀರಿ, ಬಿಡಿಸಿ ಹೇಳುವ ಭೇಟಿ ಫೀಸಿನಲ್ಲೇ ಸೇರಿದೆಯಾ, ಶಾಲೆಗೆ ಪತ್ರ ಕೊಡುತ್ತೀರಾ. ಪೂರ್ತಿ ಅಡ್ವಾನ್ಸ್ ಕೇಳಿದರೆ ಅರ್ಧ ಈಗ, ಅರ್ಧ ವರದಿ ಕೊಟ್ಟ ಮೇಲೆ ಅನ್ನಿ. ಎರಡನೇ ಮೇಡಂ ಕೇಳಿದ್ದೇ ಹಾಗೆ. ಕೇಳಿದ್ದಕ್ಕೆ ಸಿಡಿಮಿಡಿ ಮಾಡಿದರೆ ಅಲ್ಲಿ ಬೇಡ, ಇನ್ನೊಬ್ಬರನ್ನು ನೋಡಿ.

ಮೊದಲನೇ ಸೆಂಟರಿಗೆ ಐದಕ್ಕೆ ಒಂದು ಸ್ಟಾರ್, ಅದೂ ಮಗನಿಗೆ ಬ್ಲಾಕ್ ಜೋಡಿಸುವುದು ಇಷ್ಟವಾದದ್ದಕ್ಕೆ. ಎರಡನೆಯವರಿಗೆ ನಾಲ್ಕೂವರೆ. ಅರ್ಧ ಕಳೆದದ್ದು ವರದಿ ಇಂಗ್ಲಿಷಿನಲ್ಲಿ ಮಾತ್ರ ಇದ್ದದ್ದಕ್ಕೆ. ಅದನ್ನು ಅವರಿಗೂ ಹೇಳಿದೆ. ಮುಂದಿನ ವಾರ ಒಂದು ಪುಟ ಕನ್ನಡದಲ್ಲಿ ಕೈಯಲ್ಲೇ ಬರೆದು ಪೋಸ್ಟಿನಲ್ಲಿ ಕಳಿಸಿದರು, ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಅತ್ತೆ ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿ, ಇವರನ್ನು ಕರೆದು, ‘ನಿಂಗೂ ಇದೇ ಇತ್ತು ಕಣೋ. ನಾನು ಸುಮ್ನೆ ಹೊಡೀತಿದ್ದೆ’ ಅಂದರು.